ಪಾಠದ ವಿಡಿಯೊದಲ್ಲಿ ಬೇರೆಯವರ ಚಿತ್ರ, ಹಾಡು, ಯೂಟ್ಯೂಬ್ ತುಣುಕು ಬಳಸಿದರೆ ಕಾಪಿರೈಟ್ ತೊಂದರೆ ಬರುತ್ತದಾ?

ಯಾದಗಿರಿ ಜಿಲ್ಲೆಯ ಸರಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನೀವು ಕೇಳಿದ್ದು ಇಷ್ಟು: ಸ್ಮಾರ್ಟ್ ಕ್ಲಾಸಿನಲ್ಲಿ ಯೂಟ್ಯೂಬ್ ತುಣುಕು, ಗೂಗಲ್‌ನಿಂದ ಇಳಿಸಿದ ಚಿತ್ರ, ಕವಿತೆಯ ಹಾಡು ಎಲ್ಲ ಬಳಸುತ್ತೀರಿ. ಈಗ ಅವನ್ನೇ ಸೇರಿಸಿ ವಿಡಿಯೊ ಮಾಡಿ ಚಾನೆಲ್‌ಗೆ ಹಾಕಬೇಕೆಂದಿದ್ದೀರಿ. ಸ್ಟಾಫ್ ರೂಮಿನಲ್ಲಿ ಎಲ್ಲರೂ "ಶಿಕ್ಷಣಕ್ಕಂತ ಬಳಸಿದ್ರ ಯಾರೂ ಕೇಳಂಗಿಲ್ಲ ಬಿಡ್ರಿ" ಅನ್ನುತ್ತಾರೆ. ಅದು ನಿಜವೇ?

ಅರ್ಧ ನಿಜ ಮೇಡಂ. ಕ್ಲಾಸಿನೊಳಗೆ ಹೆಚ್ಚುಕಡಿಮೆ ಪೂರ್ತಿ ನಿಜ, ಚಾನೆಲ್‌ಗೆ ಬಂದರೆ ಬಹುಪಾಲು ಸುಳ್ಳು. ನಾನು ವಕೀಲನಲ್ಲ, ಕಲಬುರಗಿಯಲ್ಲಿ ವಿಜ್ಞಾನದ ಮೇಷ್ಟ್ರು. ಪಾಠದ ವಿಡಿಯೊ ಮಾಡುವ ನಮ್ಮ ಗೆಳೆಯರ ಗುಂಪಿನಲ್ಲಿ ಲೈಸೆನ್ಸ್ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಿಂದ ತಿಳಿದದ್ದನ್ನು ಹೇಳುತ್ತೇನೆ.

1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಶಿಕ್ಷಕರ ಪಾಲಿಗೆ ಬಹಳ ಉದಾರವಾಗಿದೆ. ಬೋಧನೆಯ ಸಂದರ್ಭದಲ್ಲಿ ಶಿಕ್ಷಕರಾಗಲಿ ವಿದ್ಯಾರ್ಥಿಯಾಗಲಿ ಕೃತಿಯೊಂದರ ಪ್ರತಿ ಮಾಡಿಕೊಂಡರೆ ಅದು ಉಲ್ಲಂಘನೆಯಲ್ಲ. ಪ್ರಶ್ನೆಪತ್ರಿಕೆಗೆ ಪದ್ಯ, ಚಿತ್ರ ತೆಗೆದುಕೊಳ್ಳುವುದೂ ಅಷ್ಟೇ. ಮೊದಲು ಈ ಮಾತು ಸಾಹಿತ್ಯ, ನಾಟಕ, ಸಂಗೀತ, ಚಿತ್ರಕಲೆಗಳಿಗೆ ಮಾತ್ರ ಇತ್ತು. 2012ರ ತಿದ್ದುಪಡಿ ಅದನ್ನು "ಯಾವುದೇ ಕೃತಿ" ಎಂದು ಬದಲಿಸಿದ ಮೇಲೆ ಸಿನಿಮಾ, ಆಡಿಯೊ ಕೂಡ ಒಳಗೆ ಬಂದವು. ಇದು ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕೆ ದಿಲ್ಲಿ ವಿಶ್ವವಿದ್ಯಾಲಯದ ಝೆರಾಕ್ಸ್ ಅಂಗಡಿಯ ಕೇಸೇ ಸಾಕ್ಷಿ. ಪುಸ್ತಕಗಳ ಅಧ್ಯಾಯಗಳನ್ನು ಜೋಡಿಸಿ ಕೋರ್ಸ್ ಪ್ಯಾಕ್ ಮಾಡಿಕೊಡುತ್ತಿದ್ದ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ದೊಡ್ಡ ಪ್ರಕಾಶಕರು 2012ರಲ್ಲಿ ದಾವೆ ಹೂಡಿದರು. 2016ರಲ್ಲಿ ದಿಲ್ಲಿ ಹೈಕೋರ್ಟು, ಬೋಧನೆ ಎಂದರೆ ಮೇಷ್ಟ್ರು ಕ್ಲಾಸಿನಲ್ಲಿ ನಿಂತು ಮಾತಾಡುವ ಹೊತ್ತು ಮಾತ್ರವಲ್ಲ, ಅದಕ್ಕೆ ಹೊಂದಿದ ಓದಿನ ಸಾಮಗ್ರಿಯೂ ಅದರೊಳಗೇ ಬರುತ್ತದೆ ಎಂದು ವಿಶಾಲವಾಗಿ ಅರ್ಥ ಮಾಡಿತು. ಮರುವರ್ಷ ಪ್ರಕಾಶಕರೇ ದಾವೆ ಹಿಂತೆಗೆದುಕೊಂಡರು.

ಹಾಗಾಗಿ ಪ್ರೊಜೆಕ್ಟರಿನಲ್ಲಿ ತೋರಿಸಿ, ನೋಟ್ಸಿಗೆ ಅಂಟಿಸಿ, ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳಿ, ನಿದ್ದೆ ಕೆಡಿಸಿಕೊಳ್ಳಬೇಡಿ. ಹತ್ತನೇ ತರಗತಿ ಮಕ್ಕಳಷ್ಟೇ ಇರುವ ವಾಟ್ಸಾಪ್ ಗ್ರೂಪಿಗೆ ಪಾಠದ ಒಂದು ಪುಟ ಕಳಿಸುವುದೂ ಬೋಧನೆಯ ಭಾಗವೇ ಎಂದು ವಾದಿಸಲು ಒಳ್ಳೆಯ ಆಧಾರವಿದೆ. ಅದೇ ಪುಟ ತಾಲೂಕಿನ ಎಲ್ಲ ಶಿಕ್ಷಕರ ಗ್ರೂಪು, ಅಲ್ಲಿಂದ ಟೆಲಿಗ್ರಾಂ ಚಾನೆಲ್ಲು ಸುತ್ತಿಬಂದರೆ ಆ ವಾದ ನಿಲ್ಲುವುದಿಲ್ಲ. ಕಾಯ್ದೆ ವಿನಾಯಿತಿ ಕೊಟ್ಟಿದ್ದು ಕಲಿಸುವ ಕ್ರಿಯೆಗೆ, ಫೈಲಿಗಲ್ಲ. ಯೂಟ್ಯೂಬಿಗೆ ಹಾಕಿದ ಕೂಡಲೇ ಅದು ಸಾರ್ವಜನಿಕರಿಗೆ ತಲುಪಿಸುವ ಕೆಲಸವಾಗುತ್ತದೆ, ಕಾಯ್ದೆಯಲ್ಲಿ ಅದು ಬೇರೆಯದೇ ಹಕ್ಕು. ನಿಮ್ಮ ಮಕ್ಕಳಿಗಾಗಿಯೇ ಮಾಡಿದ್ದು ಎಂದು ಡಿಸ್ಕ್ರಿಪ್ಶನ್ನಿನಲ್ಲಿ ಬರೆದುಕೊಂಡರೆ ಇದು ಬದಲಾಗುವುದಿಲ್ಲ.

ಶಾಲೆಯ ಗ್ಯಾದರಿಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಸಿನಿಮಾ ಹಾಡು ಹಾಕಿ ಮಕ್ಕಳು ಕುಣಿಯುತ್ತಾರೆ, ಮುಂದೆ ಕೂತವರು ಶಿಕ್ಷಕರು, ಮಕ್ಕಳು, ಪಾಲಕರು. ಅಷ್ಟರ ಮಟ್ಟಿಗೆ 52ನೇ ಕಲಮೇ ಅನುಮತಿ ಕೊಡುತ್ತದೆ. ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಶಾಲೆಯ ಚಾನೆಲ್‌ಗೆ ಹಾಕುತ್ತಾರೆ, ಮರುದಿನ ನೋಡಿದರೆ ಹಾಡು ಮ್ಯೂಟ್. "ನಮ್ಮ ಹುಡುಗರು ಕುಣಿದದ್ದಕ್ಕೆ ಇವರದೇನು" ಎಂದು ಎಲ್ಲರಿಗೂ ಸಿಟ್ಟು. ಕುಣಿತ ನಿಮ್ಮದೇ, ಹಾಡಿನ ರೆಕಾರ್ಡು ಕಂಪನಿಯದು.

ಸ್ಟಾಫ್ ರೂಮಿನ ಇನ್ನೆರಡು ನಂಬಿಕೆಗಳನ್ನೂ ಇಲ್ಲೇ ಮುಗಿಸೋಣ. ಐದು ಸೆಕೆಂಡು, ಹತ್ತು ಸೆಕೆಂಡು ಬಳಸಿದರೆ ನಡೆಯುತ್ತದೆ ಎನ್ನುವ ಲೆಕ್ಕ ಕಾಯ್ದೆಯಲ್ಲಿ ಎಲ್ಲೂ ಇಲ್ಲ. "ಕೃಪೆ: ಗೂಗಲ್" ಎಂದು ಹಾಕುವುದಂತೂ ತಮಾಷೆ. ಗೂಗಲ್ ಹುಡುಕಿಕೊಟ್ಟಿತೇ ಹೊರತು ಚಿತ್ರ ತೆಗೆದದ್ದು ಬೇರೆ ಯಾರೋ.

ನೀವು ಕನ್ನಡ ಶಿಕ್ಷಕಿಯಾದ್ದರಿಂದ ಹಾಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಭಾವಗೀತೆಯ ಆಡಿಯೊದಲ್ಲಿ ಮೂರು ಪದರ ಇರುತ್ತವೆ: ಕವಿತೆ, ರಾಗಸಂಯೋಜನೆ, ಧ್ವನಿಮುದ್ರಣ. ಕವಿತೆಯ ಹಕ್ಕು ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ, ಲೆಕ್ಕ ಮರುವರ್ಷದ ಜನವರಿಯಿಂದ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಆದ್ದರಿಂದ ಅವರ ಬದುಕಿನಲ್ಲಿ ಪ್ರಕಟವಾದ ಕವಿತೆಗಳ ಹಕ್ಕು 2054ರ ಕೊನೆಯವರೆಗೂ ಇದೆ. ಬೇಂದ್ರೆಯವರದು 2041ರವರೆಗೆ. ಪಂಜೆ ಮಂಗೇಶರಾಯರು 1937ರಲ್ಲೇ ಹೋದವರು, ಅವರ ಮಕ್ಕಳ ಪದ್ಯಗಳನ್ನು ಧಾರಾಳವಾಗಿ ಬಳಸಬಹುದು. ನಮ್ಮ ಬಸವಕಲ್ಯಾಣದ ಶರಣರ ವಚನಗಳಿಗಂತೂ ಹಕ್ಕಿನ ಮಾತೇ ಇಲ್ಲ, ಮಳಖೇಡದ ಅಮೋಘವರ್ಷನ ಕಾಲದ ಕವಿರಾಜಮಾರ್ಗಕ್ಕೂ ಇಲ್ಲ. ಆದರೆ ಇತ್ತೀಚೆಗೆ ಯಾರೋ ಬರೆದ ಟಿಪ್ಪಣಿ, ಮುನ್ನುಡಿ ಅವರದೇ. ಪ್ರಸಿದ್ಧ ಗಾಯಕರು ಹಾಡಿದ ವಚನದ ರೆಕಾರ್ಡಿಗೂ ಬಿಡುಗಡೆಯಾದಂದಿನಿಂದ 60 ವರ್ಷ ಹಕ್ಕಿರುತ್ತದೆ. ಇದಕ್ಕೆ ಸುಲಭದ ದಾರಿ ನಿಮ್ಮ ಕ್ಲಾಸಿನಲ್ಲೇ ಇದೆ: ಚೆನ್ನಾಗಿ ಹಾಡುವ ಹುಡುಗಿಯಿಂದ ನಿಮ್ಮದೇ ಧಾಟಿಯಲ್ಲಿ ವಚನ ಹಾಡಿಸಿ, ಪಾಲಕರ ಒಪ್ಪಿಗೆ ತೆಗೆದುಕೊಂಡು ರೆಕಾರ್ಡ್ ಮಾಡಿ.

ಚಿತ್ರಗಳಿಗೂ ನನ್ನ ಮೊದಲ ಸಲಹೆ ನಿಮ್ಮ ಫೋನೇ. ಬೀದರಿನ ಮಹಮೂದ್ ಗವಾನ್ ಮದರಸಾ 1472ರದು, ನೀವು ತೆಗೆದ ಫೋಟೊ ನಿಮ್ಮದು. ಹೋಗಲಾಗದಿದ್ದರೆ, ಮುಕ್ತವಾಗಿ ಬಳಸಲು ಬಿಟ್ಟ ಚಿತ್ರಗಳ ಭಂಡಾರವಾದ ವಿಕಿಮೀಡಿಯಾ ಕಾಮನ್ಸ್ ತಾಣ ನೋಡಿ. ಗೂಗಲ್ ಇಮೇಜಸ್‌ನಲ್ಲೂ ಟೂಲ್ಸ್ ಒತ್ತಿ ಯೂಸೇಜ್ ರೈಟ್ಸ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ (ಮಾಡಿದವರೇ ಕೆಲವು ಷರತ್ತಿನ ಮೇಲೆ ಎಲ್ಲರೂ ಬಳಸಲಿ ಎಂದು ಬಿಟ್ಟುಕೊಡುವ ಲೈಸೆನ್ಸ್) ಆರಿಸಿದರೆ ಜರಡಿ ಹಿಡಿದು ಕೊಡುತ್ತದೆ, ಆದರೂ ಮೂಲ ಪುಟಕ್ಕೆ ಹೋಗಿ ಲೈಸೆನ್ಸ್ ಖಾತ್ರಿ ಮಾಡಿಕೊಳ್ಳಿ. ಕತೆಗಳಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣ ಇದೆ, ಕನ್ನಡದಲ್ಲೂ ಬೇಕಾದಷ್ಟು ಸಿಗುತ್ತವೆ.

ಕ್ರಿಯೇಟಿವ್ ಕಾಮನ್ಸ್ ಎಂದರೆ ಎಲ್ಲ ಮಾಫಿ ಎಂದು ತಿಳಿಯಬೇಡಿ, ಅದರ ಬಾಲದಲ್ಲಿರುವ ಅಕ್ಷರಗಳನ್ನು ಓದಬೇಕು. ಬಿವೈ ಎಂದರೆ ಮಾಡಿದವರ ಹೆಸರು ಹೇಳಿ. ಎನ್‌ಸಿ ಎಂದರೆ ವ್ಯಾಪಾರಕ್ಕೆ ಬೇಡ. ಚಾನೆಲ್‌ಗೆ ಜಾಹೀರಾತು ಬರಿಸುವ ಯೋಚನೆ ಇದ್ದರೆ ಅದನ್ನು ಮುಟ್ಟಬೇಡಿ. ನಮ್ಮಂಥವರಿಗೆ ಹೆಚ್ಚು ಕಾಡುವುದು ಎನ್‌ಡಿ. ಅದಿದ್ದರೆ ಬದಲಾಯಿಸಿ ಹಂಚುವಂತಿಲ್ಲ, ಅಂದರೆ ಇಂಗ್ಲಿಷ್ ವಿಡಿಯೊಗೆ ಕನ್ನಡ ಧ್ವನಿ ಕೊಟ್ಟು ಹಾಕುವಂತಿಲ್ಲ. ಒಳ್ಳೆಯ ವಿಡಿಯೊ ಕೈಗೆ ಸಿಕ್ಕೂ ಹೀಗೆ ಬಿಡಬೇಕಾಗಿ ಬಂದಾಗ ಹೊಟ್ಟೆ ಉರಿಯುತ್ತದೆ. ಎಸ್‌ಎ ಎಂದರೆ ನೀವು ಅದರಿಂದ ಹೊಸದು ಮಾಡಿದರೆ ಅದನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. ಇಲ್ಲೊಂದು ತೊಡಕಿದೆ. ಕನ್ನಡ ವಿಕಿಪೀಡಿಯದ ಬರಹ ಬಿವೈ-ಎಸ್‌ಎ. ಅದನ್ನು ಬಿವೈ-ಎನ್‌ಸಿ-ಎಸ್‌ಎ ಇರುವ ಬರಹದ ಜೊತೆ ಕಲಸಿ ಒಂದೇ ಪಾಠ ಮಾಡಿದರೆ ಎರಡರ ಷರತ್ತೂ ಒಟ್ಟಿಗೆ ಪಾಲಿಸಲು ಬರುವುದಿಲ್ಲ, ಒಂದು ವ್ಯಾಪಾರಕ್ಕೂ ಬಿಡು ಅನ್ನುತ್ತದೆ, ಇನ್ನೊಂದು ಬಿಡಬೇಡ ಅನ್ನುತ್ತದೆ. ಆದ್ದರಿಂದ ಸ್ಕ್ರಿಪ್ಟ್ ಬರೆಯುವಾಗಲೇ ಪ್ರತಿ ಚಿತ್ರದ ಮುಂದೆ ಹೆಸರು, ಮಾಡಿದವರು, ಎಲ್ಲಿಂದ, ಯಾವ ಲೈಸೆನ್ಸ್ ಎಂದು ಬರೆದಿಟ್ಟುಕೊಳ್ಳಿ. ಎಡಿಟಿಂಗ್ ಮುಗಿದ ಮೇಲೆ ಹುಡುಕಲು ಕೂತರೆ ಸಿಗುವುದಿಲ್ಲ.

ಪಠ್ಯಪುಸ್ತಕದ ಪಿಡಿಎಫ್ ಬಗ್ಗೆಯೂ ಕೇಳಿದ್ದೀರಿ. ಪುಕ್ಕಟೆ ಇಳಿಸಿಕೊಳ್ಳಲು ಕೊಟ್ಟಿದ್ದಾರೆ ಎಂದ ಮಾತ್ರಕ್ಕೆ ಮತ್ತೆ ಪ್ರಕಟಿಸಲು ಕೊಟ್ಟಂತಲ್ಲ. ನಿಮ್ಮ ಚಾನೆಲ್ಲಿನಲ್ಲಿ ಪುಸ್ತಕವನ್ನೇ ಹಾಕುವ ಬದಲು ಇಲಾಖೆಯ ಪುಟದ ಲಿಂಕ್ ಕೊಡಿ. ಕಣ್ಣು ಕಾಣದ ವಿದ್ಯಾರ್ಥಿಗಾಗಿ ಪಾಠ ಓದಿ ಆಡಿಯೊ ಮಾಡುವುದಾದರೆ ಮಾತ್ರ 2012ರ ತಿದ್ದುಪಡಿ ಬೇರೆಯೇ ವಿನಾಯಿತಿ ಕೊಟ್ಟಿದೆ, ಲಾಭವಿಲ್ಲದೆ ಮಾಡಬೇಕು ಅಷ್ಟೇ.

ನೀವು ಕೇಳದೆ ಬಿಟ್ಟ ಒಂದು ವಿಷಯ: ವಿಡಿಯೊ ಯಾರದು? ನೌಕರಿಯ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಮಾಲೀಕ ಕೆಲಸ ಕೊಟ್ಟವರೇ ಎನ್ನುತ್ತದೆ 17ನೇ ಕಲಮು. ಮನೆಯಲ್ಲಿ ರಾತ್ರಿ ಕೂತು ನಿಮ್ಮ ಖರ್ಚಿನಲ್ಲಿ ಮಾಡಿದ್ದು ಹೇಗೆ ಎನ್ನುವ ಜಗಳ ಮುಂದೆ ಏಳಬಾರದು, ಅದಕ್ಕೆ ಹೆಡ್ಮಾಸ್ಟರ ಮೂಲಕ ಇಲಾಖೆಗೆ ಒಂದು ಪತ್ರ ಬರೆದು ಅನುಮತಿ ಕೈಯಲ್ಲಿ ಇಟ್ಟುಕೊಳ್ಳಿ. ಯಾವುದಾದರೂ ಕೋಚಿಂಗ್ ಸಂಸ್ಥೆ ನಿಮ್ಮ ಪಾಠ ಕೇಳಿಕೊಂಡು ಬಂದರೆ ಬಾಯಿಮಾತಿಗೆ ಒಪ್ಪಬೇಡಿ. ಹಕ್ಕು ವರ್ಗಾವಣೆ ಬರಹದಲ್ಲೇ ಆಗಬೇಕು. ಅವಧಿ ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದು 19ನೇ ಕಲಮು ಹೇಳುತ್ತದೆ.

ಈಗಾಗಲೇ ಹಾಕಿದ ವಿಡಿಯೊಗೆ ನೋಟಿಸ್ ಬಂದಿದೆ ಅಂದಿರಿ. ಅದು ಕ್ಲೇಮೋ ಸ್ಟ್ರೈಕೋ ಮೊದಲು ನೋಡಿ. ಕ್ಲೇಮ್ ಸಾಮಾನ್ಯವಾಗಿ ಮೆಷಿನ್ನು ಹಾಡು ಗುರುತಿಸಿ ಹಾಕಿದ್ದು, ಚಾನೆಲ್‌ಗೆ ಅಪಾಯವಿಲ್ಲ. ಸ್ಟ್ರೈಕ್ ಅಂದರೆ ಹಕ್ಕುದಾರರ ದೂರಿನ ಮೇಲೆ ವಿಡಿಯೊ ತೆಗೆದು ಚಾನೆಲ್‌ಗೆ ಕೊಡುವ ಎಚ್ಚರಿಕೆ, ಅದು 90 ದಿನ ಇರುತ್ತದೆ, ಆ ಅವಧಿಯಲ್ಲಿ ಮೂರಾದರೆ ಚಾನೆಲ್ಲೇ ಹೋಗಬಹುದು. ಸಿಟ್ಟಿನಲ್ಲಿ ಕೌಂಟರ್ ನೋಟಿಫಿಕೇಶನ್ (ವಿಡಿಯೊ ತೆಗೆದದ್ದು ತಪ್ಪು ಎನ್ನುವ ಕಾನೂನುಬದ್ಧ ಆಕ್ಷೇಪಣೆ) ಕಳಿಸಬೇಡಿ, ಅದರಲ್ಲಿ ಬರೆದ ನಿಮ್ಮ ಹೆಸರು, ವಿಳಾಸ ದೂರು ಕೊಟ್ಟವರಿಗೆ ಹೋಗುತ್ತದೆ. ಬರೀ ಕ್ಲೇಮ್ ಆಗಿದ್ದರೆ ವಿಡಿಯೊ ಡಿಲೀಟ್ ಮಾಡುವುದೂ ಬೇಡ. ಯೂಟ್ಯೂಬ್ ಸ್ಟುಡಿಯೊದಲ್ಲೇ ಆ ಭಾಗ ಕತ್ತರಿಸಲು, ಮ್ಯೂಟ್ ಮಾಡಲು, ಅಥವಾ ಅವರದೇ ಆಡಿಯೊ ಲೈಬ್ರರಿಯಿಂದ ಬೇರೆ ಸಂಗೀತ ಕೂರಿಸಲು ಬರುತ್ತದೆ.