ಆ ಹತ್ತು ನಿಮಿಷ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಬಗ್ಗೆ ಬರೆದವರು ಎರಡನೇ ಪ್ಯಾರಾದಲ್ಲೇ ಕೊಲೆಗಾರ ಯಾರೆಂದು ಹೇಳಿಬಿಟ್ಟಿದ್ದಾರೆ. ಪುಸ್ತಕ ತರಿಸಿ ಮೇಜಿನ ಮೇಲಿಟ್ಟುಕೊಂಡಿದ್ದೆ. ಇನ್ನು ಓದಿ ಏನು ಸುಖ? ಪತ್ತೇದಾರಿ ಕಾದಂಬರಿಗೆ ವಿಮರ್ಶೆ ಬರೆಯುವವರಿಗೆ ಇಷ್ಟೂ ಮರ್ಯಾದೆ ಬೇಡವೇ?
— ಒಬ್ಬ ಓದುಗ, ಶಿವಮೊಗ್ಗ

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಹೋದ ತಿಂಗಳು ಬಂದ ಪುಸ್ತಕದ ಗುಟ್ಟು ಬಿಟ್ಟುಕೊಟ್ಟರೆ ಅದು ತಪ್ಪೇ. ಲಂಡನ್ನಿನಲ್ಲಿ 1952ರಿಂದ ಆಡುತ್ತಿರುವ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕ ಮುಗಿದಾಗ, ಕೊಲೆಗಾರ ಯಾರೆಂದು ಹೊರಗೆ ಹೇಳಬೇಡಿ ಅಂತ ಪ್ರೇಕ್ಷಕರನ್ನೇ ಕೇಳಿಕೊಳ್ಳುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಆಕ್ರಾಯ್ಡ್ ಸತ್ತದ್ದು 1926ರಲ್ಲಿ ಸ್ವಾಮಿ. ಸೂತಕ ಕಳೆದು ಎಷ್ಟು ಕಾಲವಾಯಿತು!

ಸುಮ್ನೆ ತಮಾಷೆಗೆ ಹೇಳಿದೆ. ಪುಸ್ತಕವನ್ನು ಮೇಜಿನ ಮೇಲಿಂದ ಎತ್ತಬೇಡಿ. ನಿಮಗೆ ಹೇಗೂ ಗೊತ್ತಾಗಿಹೋಗಿದೆ. ಗೊತ್ತಿಲ್ಲದವರು ಮುಂದಿನ ಪ್ಯಾರಾ ಹಾರಿಸಿಬಿಡಲಿ.

ನಾಲ್ಕನೇ ಅಧ್ಯಾಯ ತೆಗೆಯಿರಿ. ಕಥೆ ಹೇಳುತ್ತಿರುವ ಡಾಕ್ಟರ್ ಶೆಪರ್ಡನೇ ಕೊಲೆಗಾರ. ಆಕ್ರಾಯ್ಡ್ ಕೈಗೆ ಪತ್ರ ಬಂದಾಗ ಒಂಬತ್ತಕ್ಕೆ ಇಪ್ಪತ್ತು ನಿಮಿಷ ಬಾಕಿ. ಡಾಕ್ಟರ್ ಕೋಣೆ ಬಿಟ್ಟಾಗ ಒಂಬತ್ತಕ್ಕೆ ಹತ್ತು ನಿಮಿಷ ಬಾಕಿ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಏನಾದರೂ ಮಾಡುವುದು ಬಿಟ್ಟಿದ್ದೇನೆಯೇ ಅಂತ ಒಮ್ಮೆ ಹಿಂದಿರುಗಿ ನೋಡುತ್ತಾನೆ. ಮೊದಲ ಸಲ ಓದುವವನು ಇದನ್ನು ಗಮನಿಸದೆ ಮುಂದೆ ಹೋಗುತ್ತಾನೆ. ಗೊತ್ತಿದ್ದವನು ಅಲ್ಲೇ ನಿಲ್ಲುತ್ತಾನೆ. ಮಧ್ಯದ ಹತ್ತು ನಿಮಿಷ ಎಲ್ಲಿ ಹೋಯಿತು? ಕ್ರಿಸ್ಟಿ ಒಂದೇ ಒಂದು ಸುಳ್ಳು ಹೇಳಿಲ್ಲ, ಆದರೂ ಕಣ್ಣೆದುರೇ ಕೊಲೆ ಮಾಡಿಸಿದ್ದಾಳೆ! ಈ ಮಜಾ ನಿಮಗೆ ಮೊದಲ ಓದಿಗೇ ಸಿಗುತ್ತದೆ. ನಮ್ಮ ವಿಮರ್ಶಕರಿಗೆ ನೀವು ಥ್ಯಾಂಕ್ಸ್ ಹೇಳಬೇಕು, ಅಲ್ವಾ?

ಪಿಯುಸಿ ಓದುವಾಗ ಬಾಡಿಗೆ ಲೈಬ್ರರಿಯಿಂದ ಒಂದು ಪತ್ತೇದಾರಿ ತಂದಿದ್ದೆ. ಯಾವನೋ ಪುಣ್ಯಾತ್ಮ ಹದಿನೇಳನೇ ಪುಟದಲ್ಲಿ ನಾಯಕಿಯ ಸೋದರಮಾವನ ಹೆಸರಿಗೆ ಪೆನ್ಸಿಲ್ಲಿನಲ್ಲಿ ಸುತ್ತುಹಾಕಿ ‘ಇವ್ನೇ’ ಅಂತ ಬರೆದಿದ್ದ. ಬೈದುಕೊಂಡೇ ಓದಿದೆ. ಬಾಡಿಗೆ ಕೊಟ್ಟಾಗಿತ್ತಲ್ಲ. ಓದುತ್ತಾ ಹೋದರೆ, ಮಳೆ ನಿಂತ ಮೇಲೆ ಮನೆಯಿಂದ ಹೊರಟೆ ಅನ್ನುವ ಮಾವನ ಕೊಡೆಯಿಂದ ಜಗುಲಿ ಮೇಲೆ ನೀರು ತೊಟ್ಟಿಕ್ಕುತ್ತಿದೆ. ಪೆನ್ಸಿಲ್ ಗುರುತು ಇಲ್ಲದಿದ್ದರೆ ಆ ಕೊಡೆ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಪುಸ್ತಕದ ಹೆಸರು ಮರೆತಿದೆ, ಕೊಡೆ ಮರೆತಿಲ್ಲ.

ಲೇಖಕರೇ ಗುಟ್ಟು ಬಿಟ್ಟುಕೊಟ್ಟು ಗೆದ್ದಿದ್ದಾರೆ. ರುತ್ ರೆಂಡೆಲ್ ಅವರ ‘ಎ ಜಡ್ಜ್‌ಮೆಂಟ್ ಇನ್ ಸ್ಟೋನ್’ (1977) ಕಾದಂಬರಿಯ ಮೊದಲ ವಾಕ್ಯದಲ್ಲೇ ಕೊಂದವಳು ಯಾರು, ಸತ್ತವರು ಯಾರು, ಯಾಕೆ ಎಲ್ಲ ಇದೆ. ಓದು ಬರಹ ಬಾರದ್ದಕ್ಕೆ ಯೂನಿಸ್ ಪಾರ್ಚ್‌ಮನ್ ಇಡೀ ಕುಟುಂಬವನ್ನು ಕೊಲ್ಲುತ್ತಾಳೆ. ಮುಗಿಯಿತಲ್ಲ ಅಂತ ಮುಚ್ಚಿಡಲು ಆಗುತ್ತದೆಯೇ? ಚೀಟಿ ಓದಲಾರದೆ ಕನ್ನಡಕ ಸಿಗುತ್ತಿಲ್ಲ ಅನ್ನುವ ಮನೆಗೆಲಸದವಳನ್ನು ನೋಡುತ್ತಾ ಕೂರುತ್ತೇವೆ, ಎದೆ ಢವಗುಟ್ಟುತ್ತದೆ.

ಈ ಮರ್ಯಾದೆಯ ನೆಪದಲ್ಲಿ ಏನಾಗಿದೆ ಗೊತ್ತೇ? ನಮ್ಮಲ್ಲಿ ಪತ್ತೇದಾರಿಗೆ ವಿಮರ್ಶೆಯೇ ಇಲ್ಲದಂತಾಗಿದೆ. ‘ಕೊನೆಯ ಪುಟದವರೆಗೂ ಕೆಳಗಿಡಲು ಬಿಡುವುದಿಲ್ಲ’, ‘ಗುಟ್ಟು ಹೇಳಿದರೆ ಮಜಾ ಹೋಗುತ್ತದೆ’. ಇಷ್ಟೇ. ಪುಸ್ತಕ ಓದದೆಯೂ ಇದನ್ನು ಬರೆಯಬಹುದು, ಬರೆದವರನ್ನೂ ಬಲ್ಲೆ. ಗಂಟು ಎಲ್ಲಿ ಸಡಿಲ, ಸುಳಿವು ನ್ಯಾಯವಾಗಿ ಇಟ್ಟಿದ್ದಾರೋ ಅಥವಾ ಕೊನೆಗೆ ಎಲ್ಲಿಂದಲೋ ಅವಳಿ ತಮ್ಮನನ್ನು ತಂದು ನಿಲ್ಲಿಸಿದ್ದಾರೋ, ಇದನ್ನೆಲ್ಲ ಯಾರೂ ಹೇಳುವುದಿಲ್ಲ. ಹಾಗಾಗಿಯೇ ಈಗಿನ ಥ್ರಿಲ್ಲರ್‌ಗಳಲ್ಲಿ ಹತ್ತು ಪುಟಕ್ಕೊಂದು ಟ್ವಿಸ್ಟ್ ಇದ್ದರೂ ಒಂದು ಒದ್ದೆ ಕೊಡೆ ಸಿಗುವುದಿಲ್ಲ.

ಎನ್. ನರಸಿಂಹಯ್ಯನವರನ್ನೇ ನೋಡಿ. ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಬರೆದ ಕಾದಂಬರಿಗಳು ಐನೂರಕ್ಕೂ ಜಾಸ್ತಿ. ಅವರ ಪತ್ತೇದಾರ ಪುರುಷೋತ್ತಮನಿಂದಲೇ ಓದುವ ಹುಚ್ಚು ಹಿಡಿಸಿಕೊಂಡವರು ನಮ್ಮ ನಡುವೆ ಎಷ್ಟು ಜನ! ಆ ಐನೂರರಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ಕೂತು ಹೇಳಿದವರು ಎಷ್ಟು ಜನ? ಎರಡು ಕವಿತೆ ಬರೆದವರಿಗೆ ಎರಡು ಪುಟ ಮೀಸಲಿಡುತ್ತೇವೆ. ನಮ್ಮ ಪತ್ರಿಕೆಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

1944ರಲ್ಲಿ ಎಡ್ಮಂಡ್ ವಿಲ್ಸನ್ ಎಂಬ ಅಮೆರಿಕದ ವಿಮರ್ಶಕ, ಜನ ಈ ಪತ್ತೇದಾರಿಗಳನ್ನು ಯಾಕಾದರೂ ಓದುತ್ತಾರೋ ಅಂತ ಬರೆದ. ಓದುಗರು ಪತ್ರಗಳ ಮಳೆಗರೆದರು. ಮರುವರ್ಷ ಅವನು ಮತ್ತೊಂದಷ್ಟು ಪುಸ್ತಕ ಓದಿ, ಆಕ್ರಾಯ್ಡನನ್ನು ಯಾರು ಕೊಂದರೆ ಯಾರಿಗೇನು ಅಂತ ತಿರುಗಿ ಕೇಳಿದ. ಅವನ ಮಾತು ನಾನು ಒಪ್ಪುವುದಿಲ್ಲ. ಆದರೂ ಅಷ್ಟು ಪುಸ್ತಕ ಓದಿ ಬೈದನಲ್ಲ, ಅದೇ ದೊಡ್ಡದು.

ಮುಂದಿನ ಸಂಚಿಕೆಯಿಂದ ಇಂಥ ವಿಮರ್ಶೆಗಳ ನೆತ್ತಿಯ ಮೇಲೆ ‘ಗುಟ್ಟು ಬಯಲಾಗಿದೆ’ ಎಂದು ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ. ನೀವು ನಾಲ್ಕನೇ ಅಧ್ಯಾಯ ಓದಿ, ಆ ಹತ್ತು ನಿಮಿಷದ ಬಗ್ಗೆ ಒಂದು ಪುಟ ಬರೆದು ಕಳಿಸಿ. ಅಚ್ಚು ಹಾಕುತ್ತೇವೆ.