ಕುದುರೆಯ ಹೊಟ್ಟೆಯ ಹೊಲಿಗೆಗೆ ಎರಡೇ ಗಂಟು ಸಾಕೇ?

ಪ್ರಶ್ನೆ: ಶೂಲೆಯಿಂದ ನರಳುತ್ತಿದ್ದ ಕುದುರೆಯೊಂದರ ಹೊಟ್ಟೆಯ ಶಸ್ತ್ರಚಿಕಿತ್ಸೆಯನ್ನು ನೋಡಿದೆ. ಗಾಯದ ಉದ್ದಕ್ಕೂ ಒಂದೇ ದಾರದಲ್ಲಿ ಹೊಲಿದು, ಎರಡು ತುದಿಗಳಲ್ಲಿ ಮಾತ್ರ ಗಂಟು ಹಾಕಿದರು. ಅಷ್ಟು ಭಾರದ ಪ್ರಾಣಿಗೆ ಇದು ಸಾಕೇ? ಇನ್ನಷ್ಟು ಸುತ್ತು ಹಾಕಿ ಗಂಟನ್ನು ದಪ್ಪ ಮಾಡಬಾರದಿತ್ತೇ?

ಉತ್ತರ: ನಿಮ್ಮ ಆತಂಕ ಸಹಜವಾದದ್ದೇ. ಹೊಟ್ಟೆಯ ನಡುಗೆರೆಯಲ್ಲಿರುವ ಲೀನಿಯಾ ಆಲ್ಬಾ ಎಂಬ ಗಟ್ಟಿ ಬಿಳಿಪೊರೆಯೇ ಕರುಳಿನ ಭಾರವನ್ನೆಲ್ಲ ಹೊರುವುದರಿಂದ, ಅದರ ಹೊಲಿಗೆ ಬಿಟ್ಟರೆ ಮೇಲಿನ ಚರ್ಮದ ಹೊಲಿಗೆ ಏನನ್ನೂ ತಡೆಯಲಾರದು. ಅದರಲ್ಲೂ ಅರಿವಳಿಕೆಯಿಂದ ಎಚ್ಚೆತ್ತು, ತಡವರಿಸುತ್ತ ಏಳಲು ಹೆಣಗುವ ಕುದುರೆಯ ಹೊಟ್ಟೆಯ ಮೇಲೆ ಬೀಳುವ ಒತ್ತಡ ಬಹಳ. ಉದ್ದನೆಯ ಒಂದೇ ಹೊಲಿಗೆಯಲ್ಲಿ ಆ ಎಳೆತ ದಾರದುದ್ದಕ್ಕೂ ಹಂಚಿಹೋಗುತ್ತದೆ ಎಂಬುದು ಅನುಕೂಲ. ತುದಿಯ ಒಂದು ಗಂಟು ಜಾರಿದರೆ ಇಡೀ ಸಾಲು ಸಡಿಲವಾಗುತ್ತದೆ ಎಂಬುದು ಅದರ ಬೆಲೆ.

ದಾರ ಹರಿದರೆ ಸಾಮಾನ್ಯವಾಗಿ ಗಂಟಿನ ಬಳಿಯೇ ಹರಿಯುತ್ತದೆ, ಏಕೆಂದರೆ ಅಲ್ಲಿ ಅದು ಚೂಪಾಗಿ ಬಾಗಿ, ತನ್ನ ಮೇಲೆಯೇ ಬಿಗಿದುಕೊಂಡಿರುತ್ತದೆ. ಸುತ್ತುಗಳು ಒಂದರ ಮೇಲೊಂದು ಸಮನಾಗಿ ಕೂರದೆ ಅಡ್ಡಾದಿಡ್ಡಿಯಾದರೆ ಹರಿಯುವ ಮುಂಚೆಯೇ ಜಾರುತ್ತದೆ. ಇದನ್ನು ತಡೆಯಲು ಸುತ್ತುಗಳನ್ನು ಸೇರಿಸಬೇಕು, ನಿಜ. ಆದರೆ ಗಂಟು ಜಾರದಷ್ಟು ಭದ್ರವಾದ ಮೇಲೆ ಹಾಕುವ ಸುತ್ತುಗಳಿಂದ ಬಲ ಹೆಚ್ಚುವುದಿಲ್ಲ, ಗಾತ್ರ ಮಾತ್ರ ಹೆಚ್ಚುತ್ತದೆ. ಕುದುರೆಗೆ ಬಳಸುವ 2 ಅಥವಾ 3ನೇ ಸಂಖ್ಯೆಯ ದಪ್ಪ ದಾರದಲ್ಲಿ ಅಂಥ ಗಂಟು ಚರ್ಮದಡಿ ಕೈಗೆ ಸಿಗುವಷ್ಟು ದೊಡ್ಡದಾಗಿ, ಸೂಕ್ಷ್ಮಜೀವಿಗಳಿಗೆ ಬೀಡಾಗಬಹುದು. ಗಾಯ ಕೀವಾದ ಕುದುರೆಗಳಲ್ಲಿ ಮುಂದೆ ಹರ್ನಿಯಾ ಆಗುವ ಸಂಭವವೂ ಹೆಚ್ಚು.

ಇದಕ್ಕಾಗಿಯೇ ಈಗ ಹಲವು ಶಸ್ತ್ರವೈದ್ಯರು ಎಳೆದಂತೆ ತಾವೇ ಬಿಗಿದುಕೊಳ್ಳುವ ಎರಡು ಗಂಟುಗಳನ್ನು, ಹೊಲಿಗೆಯ ಆರಂಭಕ್ಕೆ ಫಾರ್ವರ್ಡರ್ ಗಂಟನ್ನೂ ಕೊನೆಗೆ ಅಬರ್ಡೀನ್ ಗಂಟನ್ನೂ, ಮೆಚ್ಚುತ್ತಾರೆ. ಎರಡನೆಯದು ಕ್ರೋಶಾ ಹೆಣಿಗೆಯಂತೆ: ಕಡೆಯ ಹೊಲಿಗೆಯನ್ನು ಪೂರ್ತಿ ಎಳೆಯದೆ ಕುಣಿಕೆಯಾಗಿ ಉಳಿಸಿ, ಅದರೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆದು ಬಿಗಿದು, ಹೀಗೆ ಮೂರು ನಾಲ್ಕು ಸಲ ಮಾಡಿದ ಮೇಲೆ ದಾರದ ತುದಿಯನ್ನೇ ತೂರಿಸಿ ಎಳೆಯುತ್ತಾರೆ. ಪ್ರಯೋಗಾಲಯದ ಎಳೆತದ ಪರೀಕ್ಷೆಗಳಲ್ಲಿ ಈ ಎರಡೂ ಗಂಟುಗಳು ಸ್ಕ್ವೇರ್ (ಸುತ್ತುಗಳನ್ನು ಎದುರುಬದುರಾಗಿ ಹಾಕುವ ಸಾಮಾನ್ಯ ಗಂಟು) ಮತ್ತು ಸರ್ಜನ್ (ಮೊದಲ ಸುತ್ತನ್ನು ಇಮ್ಮಡಿಸುವ ಗಂಟು) ಗಂಟುಗಳಿಗಿಂತ ಚಿಕ್ಕವಾಗಿದ್ದೂ ಹೆಚ್ಚು ಎಳೆತವನ್ನು ತಡೆದಿವೆ. ಆದರೆ ಕೈ ಪಳಗದವರು ಹಾಕಿದ ಅಬರ್ಡೀನ್ ಗಂಟಿಗಿಂತ ಪಳಗಿದ ಕೈಯ ಸ್ಕ್ವೇರ್ ಗಂಟೇ ಮೇಲು ಎಂಬುದು ನನ್ನ ಅಭಿಪ್ರಾಯ.

ಗಂಟೊಂದೇ ಸಾಲದು. ಗಂಟು ಎಷ್ಟೇ ಗಟ್ಟಿಯಿದ್ದರೂ ಸೂಜಿ ಅಂಚಿಗೆ ತೀರ ಹತ್ತಿರ ಚುಚ್ಚಿದ್ದರೆ ಪೊರೆಯೇ ಸೀಳಿಬರುತ್ತದೆ. ಬೆಳೆದ ಕುದುರೆಯಲ್ಲಿ ಅಂಚಿನಿಂದ ಸುಮಾರು 1.5 ಸೆಂಟಿಮೀಟರ್ ದೂರ ಬಿಡುವುದು ರೂಢಿ. ಗಂಟಿನೊಳಗೆ ಸೇರುವ ದಾರವನ್ನು ಇಕ್ಕಳದಿಂದ ಹಿಡಿದು ನಜ್ಜುಗುಜ್ಜು ಮಾಡುವುದೂ ಅಷ್ಟೇ ಹಾನಿಕರ.