ಸೀರೆ ಬದಲಿಸಿದ ಅತ್ತೆ

ನನ್ನ ಬಳಿ ಸಲಹೆಗೆ ಬಂದ ಮಹಿಳೆಯೊಬ್ಬರ ಕತೆ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರು ಹೈಸ್ಕೂಲ್ ಟೀಚರ್. ವಯಸ್ಸು 30ರ ಆಸುಪಾಸು. ಮದುವೆಯಾಗಿ ಎರಡು ವರ್ಷ, ಕೂಡು ಕುಟುಂಬ. ಮೊದಲ ದಿನ ಬಂದು ಕೂತವರೇ ಅತ್ತುಬಿಟ್ಟರು. "ಮನೆಯಲ್ಲಿ ಎಲ್ಲರೂ ನನಗೆ ಸೊಕ್ಕು ಅಂತಾರೆ ಮೇಡಂ. ನಾದಿನಿ ಮದುವೆಯಲ್ಲಿ ಅತ್ತೆ ಎದುರಿಗೇ ಬಂದರಂತೆ. ನಾನು ನೋಡಿಯೂ ನೋಡದ ಹಾಗೆ ಹೋದೆನಂತೆ." ಧಾರೆಯ ನಂತರ ಅತ್ತೆ ಸೀರೆ ಬದಲಿಸಿ, ಜಡೆ ಬಿಚ್ಚಿ ತುರುಬು ಕಟ್ಟಿಕೊಂಡಿದ್ದರು.

ಜನರನ್ನು ಕಂಡರೆ ಅಂಜಿಕೆ ಇರಬೇಕು ಎಂದುಕೊಂಡೆ. ನನ್ನ ಊಹೆ ತಪ್ಪಾಗಿತ್ತು. ಎರಡನೇ ಸಲ ಅವರು ಬಂದಾಗ ನಾನು ತಲೆಸ್ನಾನ ಮಾಡಿ ಕೂದಲು ಇಳಿಬಿಟ್ಟುಕೊಂಡು ಹೊರಗಿನ ವರಾಂಡದಲ್ಲಿ ನಿಂತಿದ್ದೆ. ನೇರ ನನ್ನ ಹತ್ತಿರ ಬಂದು, "ಮೇಡಂ ಒಳಗಿದ್ದಾರಾ?" ಎಂದು ಕೇಳಿದರು. "ಬನ್ನಿ" ಎಂದೆ. ದನಿ ಕೇಳಿದ ಕೂಡಲೇ ಅವರ ಮುಖ ಕಳೆಗುಂದಿತು.

ಆಮೇಲೆ ಒಂದೊಂದೇ ಹೊರಬಂತು. ಗಂಡನನ್ನು ನಡಿಗೆಯಿಂದ ಗುರುತಿಸುತ್ತಾರೆ, ಅತ್ತೆಯನ್ನು ಬಳೆ ಸದ್ದಿನಿಂದ. ಶಾಲೆಯಲ್ಲಿ ಎಲ್ಲರಿಗೂ ಒಂದೇ ಯೂನಿಫಾರ್ಮ್, ಹೆಣ್ಣುಮಕ್ಕಳಿಗೆಲ್ಲ ಎರಡು ಜಡೆ. ಮಕ್ಕಳು ಜಾಗ ಬದಲಿಸಿದರೆ ಹೆಸರುಗಳೆಲ್ಲ ಕಲಸಿಹೋಗುತ್ತವೆ. "ನಮ್ಮಪ್ಪನೂ ಹಾಗೇ. ಎದುರಿನವರು ಮಾತಾಡಿಸಲಿ ಅಂತ ಕಾಯುತ್ತಿದ್ದರು" ಎಂದರು.

ನರರೋಗ ತಜ್ಞರ ಹತ್ತಿರ ಕಳಿಸಿದೆ. ಸ್ಕ್ಯಾನ್‌ನಲ್ಲಿ ಗಾಯ, ಗಡ್ಡೆ ಏನೂ ಇರಲಿಲ್ಲ. ಮುಖ ಗುರುತಿಸುವ ಪರೀಕ್ಷೆಯಲ್ಲಿ ಮಾತ್ರ ತುಂಬ ಕಡಿಮೆ ಅಂಕ. ಮುಖಗಳನ್ನು ಗುರುತಿಸಲಾಗದ ಈ ತೊಂದರೆಯನ್ನು ಪ್ರೊಸೊಪಾಗ್ನೋಸಿಯಾ ಎನ್ನುತ್ತಾರೆ. 1947ರಲ್ಲಿ ಈ ಹೆಸರು ಕೊಟ್ಟವರು ಜರ್ಮನಿಯ ವೈದ್ಯ ಯೋವಾಖಿಮ್ ಬೋಡಾಮರ್. ಈ ಟೀಚರ್ ಅವರದು ಹುಟ್ಟಿನಿಂದ ಬಂದದ್ದು. ಇದು ಮನೆತನದಲ್ಲಿ ಹರಿದುಬರುವುದೂ ಉಂಟು. ಆದರೆ ಇಷ್ಟು ದಿನ ಸರಿಯಾಗಿದ್ದವರಿಗೆ ದಿಢೀರನೆ ಮುಖಗಳು ಗುರುತು ಸಿಗದಂತಾದರೆ ಅದು ಪಾರ್ಶ್ವವಾಯು ಇರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಅವರಿಗೆ ಹೀಗೆ ವಿವರಿಸಿದೆ: "ನೀವು ಓದುವಾಗ ಪದವನ್ನು ಇಡಿಯಾಗಿ ನೋಡುತ್ತೀರಿ, ಅಲ್ವಾ? ತಲೆಕಟ್ಟು, ಕೊಂಬು, ಒತ್ತು ಅಂತ ಬಿಡಿಸುತ್ತಾ ಕೂರುವುದಿಲ್ಲ. ಉಳಿದವರು ಮುಖವನ್ನೂ ಹಾಗೇ ನೋಡುತ್ತಾರೆ. ನಿಮಗೆ ಕಣ್ಣು, ಮೂಗು, ಬಾಯಿ ಎಲ್ಲ ಕಾಣುತ್ತವೆ. ಅವು ಸೇರಿ ಒಂದು ಮುಖವಾಗುವುದಿಲ್ಲ." ಮೆದುಳಿನ ತಳಭಾಗದಲ್ಲಿ ಮುಖಗಳಿಗೆ ಜೋರಾಗಿ ಸ್ಪಂದಿಸುವ ಒಂದು ಜಾಗವಿದೆ. ಮುಖ ಕಂಡ ಸುಮಾರು 170 ಮಿಲಿಸೆಕೆಂಡಿಗೆ ಮೆದುಳಿನಲ್ಲಿ ಒಂದು ವಿದ್ಯುತ್ ಅಲೆ ಏಳುತ್ತದೆ. ಬೇರೆ ವಸ್ತು ಕಂಡಾಗ ಅದು ಅಷ್ಟು ಜೋರಾಗಿರುವುದಿಲ್ಲ.

"ಇದು ಬದಲಾಗುತ್ತಾ?" ಎಂದರು. ಜೋಸೆಫ್ ಡಿಗುಟಿಸ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳಿದೆ. ಅಮೆರಿಕದಲ್ಲಿ, ಹುಟ್ಟಿನಿಂದ ಇದೇ ತೊಂದರೆ ಇದ್ದ ಮಹಿಳೆಯೊಬ್ಬರಿಗೆ ಕಂಪ್ಯೂಟರಿನಲ್ಲಿ ಮುಖಗಳನ್ನು ತೋರಿಸಿದರು. ಹುಬ್ಬಿಗೂ ಕಣ್ಣಿಗೂ ಎಷ್ಟು ಅಂತರ, ಮೂಗಿಗೂ ಬಾಯಿಗೂ ಎಷ್ಟು, ಎರಡನ್ನೂ ಒಟ್ಟಿಗೆ ಅಳೆದು ಮುಖಗಳನ್ನು ಎರಡು ಗುಂಪಾಗಿ ವಿಂಗಡಿಸಬೇಕಿತ್ತು. ಇದನ್ನೇ ಸಾವಿರಾರು ಸಲ ಮಾಡಿದರು. ಮೊದಲು ಅವರ ಮೆದುಳಿನ ಆ ಅಲೆ ಮುಖಕ್ಕೂ ಬೇರೆ ವಸ್ತುವಿಗೂ ಭೇದ ಮಾಡುತ್ತಿರಲಿಲ್ಲ, ತರಬೇತಿಯ ನಂತರ ಮಾಡತೊಡಗಿತು. ಮುಖ ನೋಡುವ ಜಾಗಗಳ ನಡುವಿನ ಹೊಂದಾಣಿಕೆ ಹೆಚ್ಚಿತು. ದಿನನಿತ್ಯದಲ್ಲೂ ಮುಖ ಗುರುತಿಸುವುದು ಸುಲಭವಾಯಿತು. ಅಭ್ಯಾಸ ನಿಂತ ಮೇಲೆ ಗಳಿಸಿದ್ದು ಮೆಲ್ಲಗೆ ಕರಗಿತು. ಇದನ್ನು ಮುಚ್ಚಿಡಲು ನನಗೆ ಮನಸ್ಸಾಗಲಿಲ್ಲ. ಸುಳ್ಳು ಭರವಸೆ ಅವರನ್ನು ಇನ್ನಷ್ಟು ನೋಯಿಸುತ್ತಿತ್ತು. ಮುಂದೆ 24 ಜನರಿಗೆ ಮೂರು ವಾರ ಇಂಥದೇ ತರಬೇತಿ ಕೊಟ್ಟಾಗಲೂ ಸುಧಾರಣೆ ಕಂಡಿತು, ಎಲ್ಲರಿಗೂ ಒಂದೇ ಸಮನಾಗಿ ಅಲ್ಲ.

ಹಾಗಾಗಿ ಎರಡೂ ದಾರಿ ಹೇಳಿದೆ. ದಿನಾ ಕಾಲು ಗಂಟೆ ಮನೆಯವರ ಫೋಟೋಗಳಲ್ಲಿ ಆ ಎರಡು ಅಂತರಗಳನ್ನು ಹೋಲಿಸಿ ನೋಡಿ. ಇದು ಆ ತರಬೇತಿಯಷ್ಟು ಬಿಗಿಯಾದದ್ದಲ್ಲ, ಫಲ ಎಷ್ಟು ಸಿಗುತ್ತದೋ ನೋಡೋಣ. ದನಿ, ನಡಿಗೆ, ಬಳೆ ಯಾವುದನ್ನೂ ಬಿಡಬೇಡಿ. ತರಗತಿಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂದು ಬರೆದಿಡಿ, ಎದ್ದು ನಿಂತವರು ಹೆಸರು ಹೇಳಲಿ. ಮುಖ್ಯವಾಗಿ, ಮನೆಯಲ್ಲಿ ಬಾಯಿಬಿಟ್ಟು ಹೇಳಿ. ನಾನೂ ಜೊತೆಗಿರುತ್ತೇನೆ.

ಅತ್ತೆಯವರನ್ನು ಕರೆಸಿದೆವು. ಅವರ ಪಕ್ಕದ ಮನೆಯವರ ಫೋಟೋವನ್ನು ಮೊಬೈಲಿನಲ್ಲಿ ತಲೆಕೆಳಗಾಗಿ ತೋರಿಸಿದೆ. ಯಾರೆಂದು ತಿಳಿಯಲು ಅವರೂ ಒದ್ದಾಡಿದರು. "ನಿಮ್ಮ ಸೊಸೆಗೆ ನೆಟ್ಟಗಿರುವ ಮುಖವೂ ಹೀಗೇ ಕಷ್ಟ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಷ್ಟು ದಿನ ಹೇಳಬಾರದಿತ್ತೇನಮ್ಮಾ?" ಎಂದರು.

ನಾಲ್ಕು ತಿಂಗಳಾಯಿತು. ಎದುರು ಬೆಂಚಿನ ಇಬ್ಬರು ಹುಡುಗಿಯರನ್ನು ಹುಬ್ಬಿನಿಂದಲೇ ಗುರುತಿಸುತ್ತೇನೆ ಎಂದರು. ಅತ್ತೆಯ ಮುಖ ಇನ್ನೂ ಕೆಲವೊಮ್ಮೆ ತಪ್ಪುತ್ತದೆ. ಈಗ ಸಂತೆಯಲ್ಲಿ ಎದುರಾದರೆ ಅತ್ತೆ ದೂರದಿಂದಲೇ ಬಳೆ ಅಲುಗಾಡಿಸಿ, "ನಾನಮ್ಮಾ" ಎನ್ನುತ್ತಾರಂತೆ.